ಅಕ್ಕಿಕಾಳಿನಷ್ಟು ಮನುಷ್ಯ

ಸುಮಿತ್ರಾ ಆಂಟಿ ಬರೆದ ಬೆಟ್ಟ ಆರಡಿ ಅಗಲವಿತ್ತು. ಅದರ ಬುಡದ ಹಿಮದಲ್ಲಿ ಅಕ್ಕಿಕಾಳಿನಷ್ಟು ಮನುಷ್ಯನೊಬ್ಬ ಮಫ್ಲರ್ ಸುತ್ತಿ ನಿಂತಿದ್ದ. ಅದು ಅವರ ಯಜಮಾನರು, ಚಂದ್ರಕಾಂತ. ಸಚಿವಾಲಯದಲ್ಲಿ ಗುಮಾಸ್ತರಾಗಿದ್ದವರು ಬೆಟ್ಟ ನೋಡಲೆಂದು ಮೂರು ಸಲ ರಜೆಗೆ ಅರ್ಜಿ ಹಾಕಿದ್ದರು. ಕೊನೆಗೆ ಮಂಜೂರಾತಿ ಬಂದಾಗ ಅವರೇ ಇರಲಿಲ್ಲ.

"ಇದ್ದಾಗ ಹೋಗ್ಲಿಲ್ಲ. ಈಗ ನಾನೇ ಕಳಿಸಿದೀನಿ," ಎನ್ನುತ್ತಿದ್ದರು ಆಂಟಿ.

ಜನಕಪುರಿಯ ನಮ್ಮ ಕನ್ನಡ ಕೂಟದ ಗೋಡೆಗೆ ಆ ಚಿತ್ರ ಹಾಕಲು ಕಾರ್ಯದರ್ಶಿ ಅಶ್ವತ್ಥನಾರಾಯಣರು ಒಪ್ಪಿದ್ದರು. ಎರಡು ವರ್ಷದ ಕೆಲಸ. ಆಂಟಿಗೆ ಬೇಕಿದ್ದುದು ಆ ಗೋಡೆಯೊಂದೇ.

ಅಶ್ವತ್ಥನಾರಾಯಣರು ಮಾತಾಡುವುದು ಮೂಗಿನಲ್ಲಿ. ಆ ಮೂಗನ್ನು ನಾನು ಆಗಾಗ ಬಾಡಿಗೆಗೆ ಪಡೆಯುತ್ತಿದ್ದೆ. ಭಾನುವಾರ ಕೂಟದ ಕಚೇರಿಯಲ್ಲಿ ಗೆಳತಿ ಹರ್ಷಿಣಿ ಕೆಣಕಿದಳು: "ಜೀವನ್, ಈ ಫೋನಿಂದಾನೇ ಅವರ ದನೀಲಿ ಆಂಟಿಗೆ ಮಾಡು ನೋಡೋಣ. ಒಂದೇ ನಿಮಿಷಕ್ಕೆ ಹಿಡಿದುಬಿಡ್ತಾರೆ."

ಮಾಡಿದೆ.

"ನಮಸ್ಕಾರ ಸುಮಿತ್ರಮ್ಮ. ಬೆಟ್ಟ ಏನೋ ಬಢಿಯಾ. ಆದ್ರೆ ಕೆಳಗೊಂದು ಇರುವೆ ನಿಂತಿದೆಯಲ್ಲ, ಯಾರದು? ಮೆಂಬರ್ ಅಲ್ಲದವರಿಗೆ ನಮ್ಮ ಗೋಡೇಲಿ ಜಾಗ ಇಲ್ಲ. ನಾಳೆಯೊಳಗೆ ತೆಗೀರಿ, ಇಲ್ಲಾಂದ್ರೆ ಚಿತ್ರ ಬೇಡ."

ಹರ್ಷಿಣಿ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡಳು. ನಾನು ಬೈಗುಳಕ್ಕೆ ಕಾದೆ. ಆ ಕಡೆಯಿಂದ, "ಆಗ್ಲಿ ಸಾರ್," ಎಂದಷ್ಟೇ ಬಂತು.

ಸಂಜೆ ನಿಜ ಹೇಳಿದರಾಯಿತು ಎಂದುಕೊಂಡೆ. ಸಂಜೆ ರೋಹಿಣಿ ಬಡಾವಣೆಯ ಗೆಳೆಯರ ಮನೆಯಲ್ಲಿ ಅದೇ ಫೋನ್ ಮಾತನ್ನು ಎರಡು ಸಲ ಅಭಿನಯಿಸಿ ತೋರಿಸಿದೆ. ಆ "ಆಗ್ಲಿ ಸಾರ್"ಗೇ ಹೆಚ್ಚು ನಗು ಬಿತ್ತು.

ಮರುದಿನ ಚಿತ್ರ ಹೊತ್ತು ತರಲು ಕಾರ್ಯದರ್ಶಿಗಳ ಜೊತೆ ನಾನೇ ಹೋದೆ. ಬೆಟ್ಟದ ಬುಡಕ್ಕೆಲ್ಲ ಮೊಳದಗಲ ಹೊಸ ಹಿಮ ಬಿದ್ದಿತ್ತು.

"ಆ ಮನುಷ್ಯ ಎಲ್ರೀ?" ಅಶ್ವತ್ಥನಾರಾಯಣರು ಮೂಗಿನಲ್ಲೇ ಕಿರುಚಿದರು. "ಅವನು ಅಷ್ಟು ಚಿಕ್ಕವನಿದ್ದದ್ದಕ್ಕೇ ಬೆಟ್ಟ ಅಷ್ಟು ದೊಡ್ಡದಾಗಿ ಕಾಣ್ತಿತ್ತು. ಈಗ ಬಿಲ್ಡರ್ ಸುರಿದು ಹೋದ ಸುಣ್ಣದ ಗುಡ್ಡೆ ಥರ ಇದೆ. ಬೇಡಮ್ಮ ಇದು."

"ನೀವೇ ಅಲ್ವಾ ಫೋನ್ ಮಾಡಿ..."

"ನಾನಾ? ಅಚ್ಛಾ! ವಯಸ್ಸಾಯ್ತು ನಿಮಗೆ."

ಅವರು ಹೊರಟುಹೋದರು. ನಾನು ಚೌಕಟ್ಟಿನ ಮೇಲಿಲ್ಲದ ಧೂಳು ಒರೆಸುತ್ತಾ ನಿಂತೆ.

ಆಂಟಿ ಅಡುಗೆಮನೆಯಿಂದ ಚಾಕು ತಂದರು. ಪೊರೆ ಬಂದ ಕಣ್ಣು ಹಿಮಕ್ಕೆ ತಾಗುವಷ್ಟು ಬಗ್ಗಿ ಹುಡುಕಿದರು.

"ನಿನ್ನೆ ಸರಿಯಾಗಿ ಕಾಣ್ಲಿಲ್ಲ ಕಣೋ, ಎಲ್ಲಾ ಕಡೆ ಬಳಿದುಬಿಟ್ಟೆ. ನಿನ್ನ ಕಣ್ಣು ಚೆನ್ನಾಗಿದೆಯಲ್ಲ, ಎಲ್ಲಿ ನಿಂತಿದ್ರು ಹೇಳು."

ಎರಡು ವರ್ಷ ಆ ಚಿತ್ರದ ಎದುರು ಕೂತು ಅವರ ಮನೆಯ ಕಾಫಿ ಕುಡಿದಿದ್ದೆ. ಆ ಮನುಷ್ಯನನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

"ಇಲ್ಲೇ," ಎಂದು ಎಲ್ಲೋ ಒಂದು ಕಡೆ ಬೆರಳಿಟ್ಟೆ.

ಅವರು ಕೆರೆಯತೊಡಗಿದರು.