ಖಾಲಿ ಗ್ಲಾಸು

ಶಾಂತಯ್ಯನ ಹಣೆಗೆ ವಿಭೂತಿ ಹಚ್ಚುತ್ತಿದ್ದ ರಾಜೇಶ್ವರಿಯ ಕೈ ಅರ್ಧಕ್ಕೇ ನಿಂತಿತು. ಅಂತ್ಯಸಂಸ್ಕಾರಕ್ಕೆಂದು ಗೋಡೆಗೆ ಒರಗಿಸಿ ಕೂರಿಸಿದ್ದ ಈ ಮನುಷ್ಯ ನಿನ್ನೆ ಅರ್ಧ ಮಾತನ್ನಷ್ಟೇ ಹೇಳಿ ಹೋಗಿದ್ದಾನೆಂಬುದು ಅವಳಿಗೆ ಆಗಲೇ ಹೊಳೆದದ್ದು. ಅಂಗಳಕ್ಕೆ ಬಂದು ಫೋನ್ ತೆಗೆದಳು.

ಅವರಿಬ್ಬರೂ ದುಡಿಯುತ್ತಿದ್ದ ಗೋಕುಲ ರಸ್ತೆಯ ಕಾರ್ಖಾನೆಯವರಿಗೆಂದೇ ಫೋನಿನಲ್ಲಿ ಒಂದು ಪುಟವಿತ್ತು. ಕಲಿತದ್ದನ್ನು ಅಲ್ಲಿ ಹಂಚಿಕೊಳ್ಳಬೇಕು, ಒಂದು ಸಲಕ್ಕೆ ಎರಡೇ ಸಾಲು. ಶಾಂತಯ್ಯನ ಕೊನೆಯ ಸಾಲು ಹಾಗೇ ಇತ್ತು: "ಹೊಸ ಬರ್ನರ್ ಆರಿದ್ರ ಗ್ಯಾಸಿನ ವಾಲ್ವ್ ಅರ್ಧ ತಿರುವಿ ಹಚ್ರಿ."

ಕೆಳಗೆ ಏನೂ ಇಲ್ಲ. ಕುಲುಮೆಯೊಳಗೆ ತುಂಬಿದ ಗ್ಯಾಸನ್ನು ಮೊದಲು ಗಾಳಿಯೂದುವ ಬ್ಲೋವರ್ ಹಾಕಿ ಹೊರದಬ್ಬಬೇಕು. ಇಲ್ಲದಿದ್ದರೆ ಬೆಂಕಿ ತೋರಿಸಿದವನು ಉಳಿಯುವುದಿಲ್ಲ. ಬರ್ನರ್ ಕೂರಿಸುವಾಗ ಪಕ್ಕದಲ್ಲೇ ಇದ್ದ ಅವಳಿಗೆ ಅದು ಗೊತ್ತು. ಉಳಿದವರಿಗೆ ಗೊತ್ತಿಲ್ಲ. ನಿನ್ನೆ ಒಂದು ಸಾಲು ಬರೆದು ಚಹಾಕ್ಕೆಂದು ಎದ್ದ ಶಾಂತಯ್ಯ ಎದೆ ಹಿಡಿದುಕೊಂಡು ಬಿದ್ದಿದ್ದ.

ಪುಟದಲ್ಲಿ ಬರೆದರೆ ಯಾವಾಗ ನೋಡುತ್ತಾರೋ ಎಂದು, ಕುಲುಮೆಯ ಪಾಳಿಯಲ್ಲಿದ್ದ ಇಕ್ಬಾಲನಿಗೆ ಫೋನ್ ಹಚ್ಚಿದಳು. ರಿಂಗಾಗಿ ನಿಂತಿತು. ಮತ್ತೆ ಹಚ್ಚಿದಳು.

ಸಾವಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಪಕ್ಕದ ಮನೆಯ ದಾಕ್ಷಾಯಿಣಿ ಚಹಾ ತಂದಳು.

"ಕುಡೀರಿ ಅಕ್ಕಾರ. ಯಾಕ್ರಿ, ಒಂದ ಸವನ ಫೋನ್ ಹಚ್ಚಾಕತ್ತೀರಿ?"

"ನಮ್ಮಂವ ಒಬ್ಬಾಂವ ಫೋನ್ ಎತ್ತವಲ್ಲ. ನನಗ ಭಾಳ ಅಂಜಿಕಿ ಬರಾಕತ್ತೈತಿ."

*

"ಕಾಕಾ, ಎಚ್ಚರಿಕಿ ಮಾತು ಮೊದಲ ಬರೀರಲ್ಲ," ಎಂದು ಅವಳು ಶಾಂತಯ್ಯನ ಜೊತೆ ಎಷ್ಟೋ ಸಲ ಜಗಳವಾಡಿದ್ದಳು.

"ಮೊದಲ ಅಂಜಿಸಿದ್ರ ಯಾರು ಕಲೀತಾರವಾ? ಕೆಲಸ ಮೊದಲ, ಅಂಜಿಕಿ ಆಮ್ಯಾಲ."

ಮಹಾ ಹಟಮಾರಿ. ಮೊದಲ ಸಾಲು ಬರೆದು ನಡುವೆ ಚಹಾ ಕುಡಿಯುವುದು, ಉಳಿದದ್ದನ್ನು ಬರೆಯುವುದು, ಮಾತು ಮುಗಿಯಿತೆಂದು ಖಾಲಿ ಗ್ಲಾಸಿನ ಫೋಟೊ ಹಾಕುವುದು. ಈ ಚಾಳಿಗೆ ಕಾರ್ಖಾನೆಯೆಲ್ಲ ನಗುತ್ತಿತ್ತು, ಅವಳೂ ನಗುತ್ತಿದ್ದಳು.

*

ಕೊನೆಗೂ ಇಕ್ಬಾಲ ಎತ್ತಿದ.

"ಬರ್ನರ್ ಹೆಂಗೈತೋ?"

"ಮುಂಜಾನೇನ ಆರೇತ್ರಿ ಮೇಡಂ."

ಅವಳು ಕುಡಿಯದ ಚಹಾವನ್ನು ಅಂಗಳದ ಕಟ್ಟೆಯ ಮೇಲಿಟ್ಟಳು. "ಹಚ್ಚೀರೇನು?"

"ಇಲ್ರಿ. ಗ್ಲಾಸು ಬಂದಿಲ್ಲಲ್ರಿ. ಕಾಕಾ ಇಲ್ಲ ಅಂತ ಗೊತ್ತೈತಿ... ಆದ್ರೂ ಅವರ ಮಾತು ಮುಗಿದಿಲ್ಲ, ಕೈ ಹಚ್ಚೂದು ಹೆಂಗ ಅಂತ ಎಲ್ಲಾರೂ ಸುಮ್ನ ಕುಂತೇವಿ."

ಅವಳಿಗೆ ಅಳು ಬಂತು. ಬೆಳಗಿನಿಂದ ಬಾರದ ಅಳು ಅದು. ಒಳಗೆ ಭಜನೆ ಏರುತ್ತಿತ್ತು. ಅವಳು ಕಣ್ಣೊರೆಸಿಕೊಂಡು ಪುಟದಲ್ಲಿ ಅವನ ಸಾಲಿನ ಕೆಳಗೆ ಬರೆದಳು: "ಅದಕ್ಕೂ ಮೊದಲ ಬ್ಲೋವರ್ ಹಾಕಿ ಒಳಗಿನ ಗ್ಯಾಸ್ ಪೂರಾ ಹೊರಗ ಹಾಕ್ರಿ." ತಪ್ಪಿರಬಹುದೆಂಬ ಹೆದರಿಕೆಯಲ್ಲಿ ಮತ್ತೆ ಮತ್ತೆ ಓದಿದಳು.

ಆಮೇಲೆ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಗ್ಲಾಸನ್ನು ಕಟ್ಟೆಯ ಮೇಲಿಟ್ಟು ಫೋಟೊ ತೆಗೆದು ಪುಟಕ್ಕೇರಿಸಿದಳು. ಗಾಜಿನ ಮೇಲೆ ಅವಳ ಬೆರಳಿನ ವಿಭೂತಿ ಬೆಳ್ಳಗೆ ಹತ್ತಿಕೊಂಡಿತ್ತು.