ಮೆತ್ತೆ ಮಾವ ಹೂಡಿದ ಜಗಳ

ಕುರ್ಚಿಯ ಮೆತ್ತೆ ಹರಿದರೆ, ಸೋಫಾದ ಸ್ಪ್ರಿಂಗು ಕೂತವರಿಗೆ ಚುಚ್ಚಿದರೆ, ನಮ್ಮ ಬೀದಿಯವರು ಹೋಗುವುದು ಒಂದೇ ಕಡೆಗೆ. ಮುಂದೆ ಅಂಗಡಿ, ಹಿಂದೆ ಮನೆ. ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ ಮಾತಾಡುವ ಆ ಮನುಷ್ಯನನ್ನು ಚಿಕ್ಕವರು ದೊಡ್ಡವರೆಲ್ಲ ಕರೆಯುವುದು ಮೆತ್ತೆ ಮಾವ ಎಂದು. ಅವನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ಅವಳು ಎಲ್ಲರಿಗೂ ಅತ್ತೆ.

ಮಕ್ಕಳಿಲ್ಲದ ಈ ಗಂಡ ಹೆಂಡಿರಿಗೆ ಮಾವನ ತಂಗಿಯ ಮಗಳೆಂದರೆ ಜೀವ. ತಂದೆಯನ್ನು ಕಳೆದುಕೊಂಡ ಹುಡುಗಿ. ಚಿಕ್ಕವಳಿದ್ದಾಗ ಅಂಗಡಿಯಲ್ಲೇ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಅದಕ್ಕೇ ಅವಳಿಗೆ ಸೂಜಿ ಎಂಬ ಅಡ್ಡಹೆಸರು. ಆ ಸೂಜಿ ಬೆಳೆದು ದೊಡ್ಡವಳಾಗಿ ದೂರದ ದೇಶದ ಕಾಲೇಜಿನಲ್ಲಿ ಸೀಟು ಗಿಟ್ಟಿಸಿಕೊಂಡಳು. ವಿದ್ಯಾರ್ಥಿ ವೀಸಾ ಸಿಗಬೇಕಾದರೆ, ಇವಳ ಖರ್ಚು ನನ್ನದು ಎಂದು ಯಾರಾದರೂ ಸಹಿ ಹಾಕಬೇಕಿತ್ತು. ಮಾವ ಹಾಕಿದ. ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಅವಳು ಹೊರಡುವ ದಿನ ನೆಂಟರೆಲ್ಲ ಸೇರಿದ್ದಾಗ ಎದ್ದು ನಿಂತು, "ಇವಳ ಚಿಂತೆ ಯಾರಿಗೂ ಬೇಡ. ನನ್ನ ಕೈಲಿ ಸುತ್ತಿಗೆ ಇರೋ ತನಕ ಇವಳು ಯಾರ ಮುಂದೂ ಕೈ ಚಾಚಲ್ಲ" ಎಂದುಬಿಟ್ಟ.

ಆಡಿದ ಮಾತು ಆಡಿದ್ದಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಾವನ ಅಂಗಡಿ ನಡೆಯುತ್ತಿದ್ದುದೇ ಊರಿನ ಚಿತ್ರಮಂದಿರದ ಸೀಟುಗಳಿಂದ. ಹರಿದ ಸೀಟುಗಳು ಗಾಡಿ ತುಂಬಾ ಬರುತ್ತಿದ್ದವು, ಹೊಸ ಬಟ್ಟೆ ತೊಟ್ಟು ಹೋಗುತ್ತಿದ್ದವು. ಸೂಜಿಯ ಓದು ಅರ್ಧಕ್ಕೆ ಬಂದಾಗ ಆ ಚಿತ್ರಮಂದಿರ ಮುಚ್ಚಿತು. ಮನೆಗಳವರೂ ಹಳೇ ಸೋಫಾ ರಿಪೇರಿ ಮಾಡಿಸುವ ಬದಲು ಬೀದಿ ಮೂಲೆಗೆ ತಳ್ಳಿ ಹೊಸದು ತರತೊಡಗಿದರು. ಅಂಗಡಿ ಖಾಲಿಯಾಯಿತು.

ಮಾವ ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಎದ್ದು, ಒಂದು ಖಾಲಿ ಕುರ್ಚಿಯ ಚೌಕಟ್ಟನ್ನು ಮುಂದಿಟ್ಟುಕೊಂಡು ಅದಕ್ಕೆ ಮೊಳೆ ಹೊಡೆಯುವುದು, ಕೀಳುವುದು, ಮತ್ತೆ ಹೊಡೆಯುವುದು. ಠಕ್ ಠಕ್ ಸದ್ದು ಬೀದಿಗೆ ಕೇಳುತ್ತಿರಬೇಕು. ಕೆಲಸವಿದೆ ಎಂದು ಜನ ತಿಳಿಯಬೇಕು.

"ಹುಡುಗಿಗೆ ಒಂದು ಮಾತು ಹೇಳಿಬಿಡ್ರೀ," ಎಂದಳು ಅತ್ತೆ.

"ಏನಂತ ಹೇಳಲಿ? ನಿಮ್ಮ ಮಾವನ ಮಾತು ಮಣ್ಣಾಯ್ತು ಅಂತಲಾ?"

"ಹೌದು, ಹಂಗೇ ಹೇಳಿ."

"ನಾಲಿಗೆ ಕಿತ್ತು ಕೊಡ್ತೀನಿ. ಆ ಮಾತು ಮಾತ್ರ ನನ್ನ ಬಾಯಿಂದ ಬರಲ್ಲ."

ಮುಂದಿನ ಫೀಸಿನ ದಿನ ಹತ್ತಿರ ಬಂತು. ಆಗಲೇ ಸೂಜಿ ಫೋನಿಗೆ ಒಂದು ಫೋಟೋ ಕಳಿಸಿದಳು. ಮರಗಳ ಕೆಳಗೆ ನಿಂತು ನಗುತ್ತಿದ್ದಾಳೆ, ಮೈಮೇಲೆ ನೀಲಿ ಕೋಟು. ಮಾವ ಅದನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಅವಳಿಗೆ ಫೋನು ಮಾಡಿದ.

"ಯಾರ ದುಡ್ಡಲ್ಲಿ ತಗೊಂಡೆ ಆ ಕೋಟು? ನಾನಿಲ್ಲಿ ಬೆವರು ಸುರಿಸೋದು, ನೀನಲ್ಲಿ ಷೋಕಿ ಮಾಡೋದಾ?"

"ಮಾವಾ, ಅದು..."

"ಎದುರು ಮಾತಾಡಬೇಡ. ನಿನಗೆ ಕೊಬ್ಬು ಬಂದಿದೆ. ಇನ್ಮೇಲೆ ನನ್ನಿಂದ ಬಿಡಿಗಾಸು ಬರಲ್ಲ. ಸಹಿ ಹಾಕಿದ್ದೂ ಸಾಕು, ಸಲಹಿದ್ದೂ ಸಾಕು."

ಫೋನು ಇಟ್ಟ. ಹೊಲಿಗೆ ಯಂತ್ರ ತುಳಿಯುತ್ತಿದ್ದ ಅತ್ತೆಯ ಕಾಲು ನಿಂತುಹೋಗಿತ್ತು.

"ಕೋಪಕ್ಕೆ ದುಡ್ಡು ನಿಲ್ಲಿಸಿದ ಅಂದ್ಕೊಂಡ್ರೆ ಅಂದ್ಕೊಳ್ಳಲಿ," ಎಂದ ಮಾವ, ಅವಳ ಮುಖ ನೋಡದೆ. "ಕೆಟ್ಟವನು ಅನ್ನಿಸಿಕೊಂಡು ಬದುಕಬಹುದು. ಕೈಲಾಗದವನು ಅನ್ನಿಸಿಕೊಂಡು ಬದುಕೋಕಾಗಲ್ಲ."

ತಂಗಿ ಫೋನು ಮಾಡಿ ಅತ್ತಳು. "ಅಣ್ಣಾ, ಅವಳು ತಪ್ಪು ಮಾಡಿದ್ರೆ ನಾನು ಕಾಲು ಹಿಡೀತೀನಿ." ಮಾವ, "ಅವಳಿಗೆ ಬುದ್ಧಿ ಬರಲಿ" ಎಂದ. ಅಂದಿನಿಂದ ಗೋಡೆಯ ಮೇಲಿದ್ದ ಸೂಜಿಯ ಚಿತ್ರದ ಮುಂದೆ ಹಾದುಹೋಗುವಾಗ ತಲೆ ತಗ್ಗಿಸುತ್ತಿದ್ದ.

ಅವರ ಮಹಡಿಯಲ್ಲಿ ಒಬ್ಬಾಕೆ ಇದ್ದಾಳೆ. ಕಾಲೇಜೊಂದರ ಆಫೀಸಿನಲ್ಲಿ ಕೆಲಸ. ಬೇರೆ ದೇಶಗಳಿಂದ ಇಲ್ಲಿಗೆ ಓದಲು ಬರುವ ಮಕ್ಕಳ ಕಾಗದಪತ್ರ ನೋಡಿಕೊಳ್ಳುತ್ತಾಳೆ. ಎಲ್ಲರೂ ಅವಳನ್ನು ಮಹಡಿ ಅಕ್ಕ ಎನ್ನುತ್ತಾರೆ. ಒಂದು ಭಾನುವಾರ ಕುಂಟು ಸ್ಟೂಲು ಹಿಡಿದು ಇಳಿದು ಬಂದಳು.

"ಮಾವಾ, ಎಷ್ಟು ದಿನದಿಂದ ಅದೇ ಕುರ್ಚಿಗೆ ಹೊಡೀತಿದೀರಿ! ಪಾಪ, ಅದು ಏನು ತಪ್ಪು ಮಾಡಿತ್ತು?"

ಮಾವನ ಕೈ ಗಾಳಿಯಲ್ಲೇ ನಿಂತಿತು. ಅತ್ತೆ ತಡೆಯಲಾರದೆ ಬಾಯಿ ಬಿಟ್ಟಳು. ಚಿತ್ರಮಂದಿರ, ಖಾಲಿ ಅಂಗಡಿ, ಕೋಟಿನ ಜಗಳ, ಒಂದೂ ಬಿಡದೆ ಹೇಳಿದಳು. ಮಾವ ಕಿವಿಯವರೆಗೂ ಕೆಂಪಾಗಿ, ಬಾಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕುತ್ತಿದ್ದ.

ಮಹಡಿ ಅಕ್ಕ ಸ್ಟೂಲಿನ ಮೇಲೆಯೇ ಕೂತಳು. "ಫೀಸಿನ ಕೊನೇ ದಿನ ಯಾವತ್ತು?"

"ಮುಂದಿನ ವಾರ."

"ಕಾಲೇಜಿಗೆ ಹೇಳಿದ್ದಾಳಾ?"

"ಗೊತ್ತಿಲ್ಲ. ಒಬ್ಬ ಸಿಕ್ಕಿದ್ದ," ಎಂದ ಮಾವ ಸಣ್ಣ ದನಿಯಲ್ಲಿ. "ಬ್ಯಾಂಕಲ್ಲಿ ದುಡ್ಡಿದೆ ಅಂತ ವೀಸಾದವರಿಗೆ ತೋರಿಸೋ ಕಾಗದ ಮಾಡಿಕೊಡ್ತಾನಂತೆ."

"ಅಯ್ಯೋ, ಆ ಕಡೆ ತಲೆ ಹಾಕಿಯೂ ಮಲಗಬೇಡಿ! ಸುಳ್ಳು ಕಾಗದ ಸಿಕ್ಕಿಬಿದ್ರೆ ಈ ವೀಸಾ ಹೋಗೋದಲ್ಲದೆ ಮುಂದೆ ಸಿಗೋದೂ ಕಷ್ಟ. ಅನುಭವಿಸೋದು ನೀವಲ್ಲ, ಅವಳು."

"ಹಂಗಾದ್ರೆ ನಾನು ದುಡ್ಡು ನಿಲ್ಲಿಸೋ ಹಂಗೇ ಇಲ್ವಾ? ಸಹಿ ಹಾಕಿದೀನಲ್ಲ."

"ಆಗದಿದ್ರೆ ಎಲ್ಲಿಂದ ಕೊಡ್ತೀರಿ? ಸಂಪಾದನೆ ನಿಂತಿದ್ದು ನಿಮ್ಮ ತಪ್ಪಲ್ಲ. ಆದರೆ ಮೊದಲೇ ಹೇಳಬೇಕು, ನಿಜ ಹೇಳಬೇಕು. ಇಂಥ ತಿಂಗಳಿಂದ ನನ್ನಿಂದ ಆಗಲ್ಲ, ಕಾರಣ ಇದು ಅಂತ ಅವಳಿಗೆ ಬರೆದುಕೊಡಿ. ಅದನ್ನ ಹಿಡಕೊಂಡು ಅವಳು ಕಾಲೇಜಲ್ಲಿ ಹೊರದೇಶದ ಮಕ್ಕಳನ್ನ ನೋಡ್ಕೊಳ್ಳೋ ಆಫೀಸಿಗೆ ಹೋಗ್ಲಿ. ಕಂತು ಕೇಳಬಹುದು, ಸಹಾಯಧನ ಕೇಳಬಹುದು, ಬೇರೆ ಯಾರಾದ್ರೂ ಖರ್ಚು ವಹಿಸ್ಕೊಂಡ್ರೆ ಅವರ ಕಾಗದ ಕೊಡಬಹುದು. ಯಾವುದೂ ಆಗದಿದ್ರೆ ನಿಯಮ ಕೇಳಿಕೊಂಡು ಸ್ವಲ್ಪ ಕಾಲ ಓದು ನಿಲ್ಲಿಸಿ ಊರಿಗೆ ಬಂದು, ಆಮೇಲೆ ಮುಂದುವರಿಸಬಹುದು. ಒಂದೊಂದು ದೇಶದ ಕಾನೂನು ಒಂದೊಂದು ಥರ, ಅದಕ್ಕೇ ಅಲ್ಲೇ ಕೇಳಬೇಕು. ಕೇಳದೆ ಕ್ಲಾಸು ಬಿಟ್ರೆ, ಫೀಸಿನ ದಿನ ದಾಟಿಸಿದ್ರೆ, ಹೆಸರು ತೆಗೀತಾರೆ. ಹೆಸರು ಹೋದ್ರೆ ಅಲ್ಲಿರೋ ಹಕ್ಕೂ ಹೋಗುತ್ತೆ."

"ಮಾತು ತಪ್ಪಿದೆ ಅಂತ ಹೆಂಗಮ್ಮಾ ಹೇಳೋದು? ನಾಚಿಕೆ ಆಗುತ್ತೆ."

"ಆಗುತ್ತೆ. ಆದರೆ ನೋಡಿ ಮಾವಾ. ದುಡ್ಡಿಲ್ಲ ಅಂದಿದ್ರೆ ಅವಳು ಬೇರೆ ದಾರಿ ಹುಡುಕ್ತಿದ್ಳು. ನೀವು ಕೋಪ ಅಂದ್ರಿ. ದೊಡ್ಡವರ ಕೋಪ ಇವತ್ತಲ್ಲ ನಾಳೆ ಇಳಿಯುತ್ತೆ ಅಂತ ಮಕ್ಕಳು ಕಾಯ್ತಾರೆ. ಅವಳು ಈಗ ಕಾಯ್ತಿರ್ತಾಳೆ."

ಮಾವ ಕೈಯ ಧೂಳನ್ನು ಅಂಗಿಗೆ ಒರೆಸಿಕೊಂಡು ಫೋನು ತೆಗೆದು ವೀಡಿಯೊ ಕರೆ ಮಾಡಿದ. ಸೂಜಿಯ ಮುಖ ಕಂಡಿತು. ಹಿಂದೆ ದೊಡ್ಡ ದೊಡ್ಡ ಬಟ್ಟೆ ಒಗೆಯುವ ಯಂತ್ರಗಳು ಗಿರಗಿರ ತಿರುಗುತ್ತಿದ್ದವು.

"ಕೋಪ ಇಳೀತಾ ಮಾವಾ?" ಅದೇ ಅವಳ ಮೊದಲ ಮಾತು.

ಮಾವ ಫೋನನ್ನು ಹೆಂಡತಿಯ ಕೈಗೆ ಕೊಡಲು ನೋಡಿದ. ಅತ್ತೆ ಕೈ ಹಿಂದೆ ಕಟ್ಟಿಕೊಂಡಳು.

"ಕೋಪ ಇರಲೇ ಇಲ್ಲ ಕಣೇ," ಎಂದ. "ದುಡ್ಡಿರಲಿಲ್ಲ. ಅಂಗಡೀಲಿ ಕೆಲಸ ಇಲ್ಲ. ಹೇಳೋಕೆ ಮುಖ ಇರಲಿಲ್ಲ, ಅದಕ್ಕೆ ನಿನ್ನ ಮೇಲೆ ತಪ್ಪು ಹೊರಿಸಿದೆ."

ಸೂಜಿ ಯಂತ್ರಗಳ ಸದ್ದಿನಿಂದ ಸ್ವಲ್ಪ ದೂರ ಸರಿದು ನಿಂತಳು.

"ನೀವು ನಾಳೆ ಫೋನು ಮಾಡ್ತೀರ, ನಾಡಿದ್ದು ಮಾಡ್ತೀರ ಅಂತ ಕಾದು ಕಾಲೇಜಲ್ಲಿ ಯಾರಿಗೂ ಹೇಳಿಲ್ಲ," ಎಂದಳು ಸೂಜಿ. "ಈ ಬಟ್ಟೆ ಒಗೆಯೋ ಅಂಗಡೀಲಿ ಹೆಚ್ಚು ಹೊತ್ತು ಕೆಲಸ ಮಾಡಿ ಫೀಸು ಸೇರಿಸೋಣ ಅಂತ ಕ್ಲಾಸು ಬಿಟ್ಟೆ. ವೀಸಾದಲ್ಲಿ ಇಷ್ಟು ಹೊತ್ತು ಮಾಡೋ ಹಂಗಿಲ್ಲ. ದಿನಾ ಹೆದರಿಕೊಂಡೇ ಬರ್ತೀನಿ."

ಮಹಡಿ ಅಕ್ಕ ಫೋನು ಇಸಿದುಕೊಂಡಳು. "ಹೆಚ್ಚಿನ ಹೊತ್ತಿನ ಕೆಲಸ ಇವತ್ತೇ ಬಿಡಮ್ಮಾ. ನಾಳೆ ಆಫೀಸಿನ ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿರು. ಇದ್ದದ್ದು ಇದ್ದ ಹಾಗೆ ಹೇಳು. ಮಾವನ ಕಾಗದ ಈಗಲೇ ಕಳಿಸ್ತೀವಿ."

ಕಾಗದ ಬರೆಯುವಾಗ ಮಾವನ ಬೆವರು ಹಾಳೆಯ ಮೇಲೆ ಬಿತ್ತು. ಬರೆದು ಮುಗಿಸಿ ತಂಗಿಗೂ ಫೋನು ಮಾಡಿದ. ಅವಳು, "ಇಷ್ಟು ದಿನ ಒಬ್ಬನೇ ಹೊತ್ಕೊಂಡಿದ್ಯಲ್ಲ ಅಣ್ಣಾ, ನಾನೇನು ಸತ್ತಿದ್ನಾ?" ಎಂದು ಬೈದಳು.

ಎಲ್ಲವೂ ಸಲೀಸಾಗಿ ಮುಗಿಯಿತು ಎಂದು ನಾನು ಹೇಳುವುದಿಲ್ಲ. ಬಿಟ್ಟ ಕ್ಲಾಸುಗಳಿಗೆ ಕಾಲೇಜಿನವರು ಎಚ್ಚರಿಕೆ ಕೊಟ್ಟರು. ಆ ಹೆಚ್ಚಿನ ಕೆಲಸಕ್ಕೂ ಅವಳು ಉತ್ತರ ಹೇಳಬೇಕಾಯಿತು. ಇನ್ನೊಂದು ವಾರ ತಡವಾಗಿದ್ದರೆ ಹೆಸರು ಹೋಗುತ್ತಿತ್ತಂತೆ. ಫೀಸಿಗೆ ಕಂತು ಮಾಡಿಕೊಟ್ಟರು, ಗ್ರಂಥಾಲಯದಲ್ಲಿ ನಿಯಮಕ್ಕೆ ತಕ್ಕಷ್ಟು ಕೆಲಸ ಕೊಟ್ಟರು. ಕಂತು ಕಟ್ಟುವ ಪಾಲು ಅವಳ ಅಮ್ಮನದು. ಕೋಣೆಯ ಬಾಡಿಗೆಯಷ್ಟು ಮಾತ್ರ ನನ್ನಿಂದಾಗುತ್ತದೆ ಎಂದು ಮಾವ ಬಾಯಿಬಿಟ್ಟು ಹೇಳಿದ. ಓದು ಮುಗಿಯುವುದು ತಡ. ಆದರೂ ಮುಗಿಯುತ್ತದೆ.

ಮೊನ್ನೆ ಸೂಜಿ ಫೋನಿನಲ್ಲಿ ಆ ನೀಲಿ ಕೋಟನ್ನು ಒಳಮಗ್ಗುಲು ಹೊರಗಾಗಿ ತಿರುಗಿಸಿ ತೋರಿಸಿದಳು. ಊರಿಗೆ ಹೊರಟ ಗೆಳತಿಯೊಬ್ಬಳು ಬಿಟ್ಟುಹೋದ ಕೋಟು. ಒಳಗಿನ ಬಟ್ಟೆ ಉದ್ದಕ್ಕೂ ಹರಿದಿತ್ತಂತೆ.

"ಎಲ್ಲಿ ಹೊಲ್ದಿದೀನಿ, ಹೇಳಿ ನೋಡೋಣ."

ಮಾವ ಕನ್ನಡಕ ಏರಿಸಿ ಹುಡುಕಿದ. ಕಾಣಲಿಲ್ಲ. ಹೊರಗೆ ಕಾಣದಂತೆ ಹಾಕುವ ಆ ಹೊಲಿಗೆಯನ್ನು ಅವಳಿಗೆ ಕಲಿಸಿದವನು ಅವನೇ.

"ನಾನೇ ಹೊಲಿದು ಹಾಕ್ಕೊಂಡಿದ್ದನ್ನ ಅವತ್ತು ನಿಮಗೆ ತೋರಿಸೋಕೇ ಫೋಟೋ ಕಳಿಸಿದ್ದು," ಎಂದಳು.

ಮಾವ ಫೋನನ್ನು ಮಡಿಲಲ್ಲಿಟ್ಟುಕೊಂಡು ಮುಖ ಆ ಕಡೆ ತಿರುಗಿಸಿದ.

ಈ ಕಥೆ ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಸಹಿಯ ಮೇಲೆ ಯಾರಾದರೂ ದೂರ ಓದುತ್ತಿದ್ದಾರೆಯೇ? ಕೊಡಲು ಆಗದ ಕಾಲ ಬರುವಂತೆ ಕಂಡರೆ, ಕೈ ಪೂರ್ತಿ ಖಾಲಿಯಾಗುವ ಮೊದಲೇ ಹೇಳಿ. ಜಗಳ ಹೂಡಬೇಡಿ, ಫೋನು ಆರಿಸಬೇಡಿ, ಸುಳ್ಳು ಕಾಗದ ಮಾಡಿಸಬೇಡಿ. ಓದುತ್ತಿರುವ ಮಕ್ಕಳೇ, ಮನೆಯಿಂದ ದುಡ್ಡು ನಿಂತರೆ ಕಾರಣ ಏನೇ ಇರಲಿ, ಆ ದಿನವೇ ಕಾಲೇಜಿನ ಆಫೀಸಿಗೆ ಹೋಗಿ. ನಾಚಿಕೆ ಒಂದು ಗಳಿಗೆ ಮುಖ ಸುಡುತ್ತದೆ, ಅಷ್ಟೆ. ಸಹಿ ಹಾಕಿದವರೇ, ಈ ಹಾಳೆ ಮಡಚುವ ಮೊದಲು ದೂರದಲ್ಲಿ ಓದುತ್ತಿರುವ ಆ ಮಗುವಿಗೆ ಒಂದು ಫೋನು ಮಾಡಿ.