ತೆಂಗಿನ ಬಳಿ ಬಾಗಿದ ಗೋಡೆ

ಕೇಟಾ ಪಟ್ಟಣದಿಂದ ಆಚೆ, ನಮ್ಮೂರ ದಂಡೆಯನ್ನು ಸಮುದ್ರ ತಿನ್ನದಂತೆ ನಾವು ಉಕ್ಕಿನ ಹಲಗೆ ಹೊಡೆದು ಗೋಡೆ ಕಟ್ಟುತ್ತಿದ್ದೆವು. ಒಂದರ ಅಂಚಿನ ಕೊಕ್ಕೆಗೆ ಇನ್ನೊಂದನ್ನು ಸಿಕ್ಕಿಸಿ, ಯಂತ್ರದ ಸುತ್ತಿಗೆಯಿಂದ ಮರಳಿಗೆ ಇಳಿಸಬೇಕು. ಮೇಸ್ತ್ರಿ ನಾನು, ಅಗ್ಬೆಕೊ.

ಗೋಡೆ ಎಲ್ಲಿ ಹಾಯಬೇಕೆಂದು ಇಂಜಿನಿಯರ್ ಫಿಯಾನು ದಾರ ಕಟ್ಟಿದ ಮಧ್ಯಾಹ್ನ, ಊಟ ತಂದ ನನ್ನ ಹೆಂಡತಿ ಎಸಿನಾಮ್ ಹಾಗೇ ನಿಂತಳು. ದಾರದಿಂದ ಮೊಳದಷ್ಟು ಆಚೆ, ಸಮುದ್ರದ ಕಡೆ, ನಮ್ಮ ತೆಂಗಿನ ಮರ.

"ಮರ ಗೋಡೆಯಾಚೆ ಉಳೀತದಾ?"

"ಉಳಿಯೋದೆಲ್ಲಿ? ಮಳೆಗಾಲಕ್ಕೆ ಸಮುದ್ರ ಎಳ್ಕೊಂಡ್ಹೋಗ್ತದೆ. ದಾರ ನಾನು ಕಟ್ಟಿದ್ದಾ?" ಎಂದು ಅರಚಿದೆ.

ನಮ್ಮಲ್ಲಿ ಮಗುವಿನ ಹೊಕ್ಕುಳಬಳ್ಳಿ ಹೂತು, ಅದರ ಮೇಲೆ ತೆಂಗಿನ ಸಸಿ ನೆಡುತ್ತೇವೆ. ನಮ್ಮ ಮಗಳು ಎಲಿಕೆಮ್ ಎರಡು ವರ್ಷ ತುಂಬುವ ಮೊದಲೇ ಜ್ವರದಲ್ಲಿ ಹೋದಳು. ಸಸಿ ಬೆಳೆಯಿತು. ಮಗಳು ಇರುವವರೆಗೆ ಎಸಿನಾಮ್ ನನ್ನನ್ನು 'ಎಲಿಕೆಮ್ ಅಪ್ಪ' ಅನ್ನುತ್ತಿದ್ದಳು. ಆಮೇಲೆ ಹನ್ನೊಂದು ವರ್ಷ, ಬರೀ 'ಇಲ್ನೋಡಿ'.

ಕೊಕ್ಕೆಯೊಳಗೆ ಕೊಕ್ಕೆ ಕೂತರೂ ತುಸು ಸಡಿಲ ಇರುತ್ತದೆ. ಹಲಗೆಯನ್ನು ಬೆರಳಗಲ ತಿರುಗಿಸಬಹುದು. ಒಂದೊಂದು ಹಲಗೆಗೂ ಓರೆ ಹೆಚ್ಚುತ್ತಾ ಹೋಗಿ, ಇಪ್ಪತ್ತು ಹಲಗೆಗೆ ಅದು ಒಂದು ಮಾರಾಗುತ್ತದೆ. ಹಾಗೆ ತಿರುಗಬಾರದೆಂದು ಆಳುಗಳಿಗೆ ಬೈದು ಬೈದು ಕಲಿಸಿದವನು ನಾನೇ.

ಮರುದಿನ ಫಿಯಾನು ರಾಜಧಾನಿಗೆ ಹೋಗಿದ್ದ. ನಾನು ದಾರ ಬಿಚ್ಚಿದೆ.

ಕ್ರೇನಿನ ಮೇಲಿಂದ ಕುಡ್ಜೊ ಕೂಗಿದ: "ಅಣ್ಣಾ, ಹಲಗೆ ಸಮುದ್ರಕ್ಕೆ ತಿರುಗ್ತಿದೆ! ನಾನು ಮಾಡಿದ್ರೆ ನನ್ನಜ್ಜಿನೂ ಬಿಡ್ದೆ ಬೈತಿದ್ರಿ."

"ಬಾಯ್ಮುಚ್ಕೊಂಡು ಇಳ್ಸೋ!"

ಅವನು ಮರ ನೋಡಿದ. ಹಲಗೆ ಇಳಿಸಿದ.

ಮೂರನೆಯ ದಿನ ಫಿಯಾನು ಬಂದ. "ಏನಯ್ಯಾ ಅಗ್ಬೆಕೊ, ಗೋಡೆ ಬಸುರಿ ಆಗಿದೆಯಲ್ಲ!"

"ಹೌದು ಸಾರ್. ನಾನೇ ಮಾಡಿದ್ದು."

ತಂಡವೆಲ್ಲ ಬಿದ್ದು ಬಿದ್ದು ನಕ್ಕಿತು. ಫಿಯಾನು ನಗಲಿಲ್ಲ. ಕೊಕ್ಕೆಗಳನ್ನು ಒಂದೊಂದಾಗಿ ನೋಡಿದ. ಎಲ್ಲೂ ಬಾಯಿ ಬಿಟ್ಟಿರಲಿಲ್ಲ.

"ಗೋಡೆ ನಿಲ್ತದೆ. ಮೇಸ್ತ್ರಿ ಕೆಲಸದಲ್ಲಿ ನೀನು ನಿಲ್ಲಲ್ಲ. ನಾಳೆಯಿಂದ ಕೊಕ್ಕೆಗೆ ಗ್ರೀಸ್ ಬಳಿ."

ನಾನು ಗ್ರೀಸ್ ಡಬ್ಬಿ ಹುಡುಕಲು ಹೋದೆ.

ಮರುದಿನ ಮಧ್ಯಾಹ್ನ ಎಸಿನಾಮ್ ಅಕ್ಪ್ಲೆ ಮುದ್ದೆ, ಬೆಂಡೆಕಾಯಿ ಸಾರು ತಂದಳು. ಗೋಡೆಯ ಈಚೆ ಉಳಿದಿದ್ದ ಮರದ ಕಾಂಡಕ್ಕೆ ಅಂಗೈ ಊರಿ ಬಹಳ ಹೊತ್ತು ನಿಂತಳು. ಆಮೇಲೆ ಬಂದು ಗ್ರೀಸಿನಿಂದ ಮೊಣಕೈವರೆಗೆ ಕಪ್ಪಾಗಿದ್ದ ನನ್ನ ಕೈ ನೋಡಿ, ತಾನೇ ಮುದ್ದೆ ಮುರಿದು ಸಾರಿಗೆ ಅದ್ದಿದಳು.

"ಎಲಿಕೆಮ್ ಅಪ್ಪ," ಎಂದಳು, "ಬಾಯಿ ತೆಗೀರಿ."